ಪಾಸ್‌ಪೋರ್ಟು ಈಗ ಯಾರ ಕೈಯಲ್ಲಿದೆ?



ಭಾನುವಾರ ಸಂಜೆ ಪತ್ರಿಕೆಗಳನ್ನು ಓದಿ ಮುಗಿಸಿದ ಮೇಲೆ ನಮ್ಮ ವಾಚನಾಲಯದ ಉದ್ದ ಮೇಜಿನಲ್ಲಿ ಫಾರಮು ತುಂಬುವ, ಅರ್ಜಿ ಬರೆಯುವ ಕೆಲಸ ನಡೆಯುವುದು ತಮಗೆಲ್ಲ ತಿಳಿದದ್ದೇ. ರೇಷನ್ ಕಾರ್ಡು, ಭವಿಷ್ಯ ನಿಧಿ, ಊರಿನ ಪಹಣಿ, ಹೀಗೆ ನಾನಾ ತರದ ಕಾಗದಗಳು ಅಲ್ಲಿಗೆ ಬರುತ್ತವೆ. ಈಚೆಗೆ ಒಂದು ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ: "ವೀಸಾಕ್ಕೆಂದು ಪಾಸ್‌ಪೋರ್ಟು ಕೊಟ್ಟು ಎರಡು ತಿಂಗಳಾಯಿತು, ಇನ್ನೂ ಹಿಂದಿರುಗಿ ಬಂದಿಲ್ಲ. ಏನು ಮಾಡೋಣ?" ಹೀಗೆ ಕೇಳುವವರಲ್ಲಿ ಹೋಟೆಲಿನ ಅಡುಗೆಯವರಿದ್ದಾರೆ, ಹಡಗಿನ ನೌಕರರಿದ್ದಾರೆ, ಪರದೇಶದಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ತಾಯಂದಿರೂ ಇದ್ದಾರೆ. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಈ ಸಲದ ಪಾಠವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ನಾನು ಮೆಟ್ರಿಕ್ ಓದಿದವನು. ಭಿವಂಡಿ ಕಡೆಯ ಗಿರಣಿಯೊಂದರ ದಫ್ತರದಲ್ಲಿ ಆವಕ-ಜಾವಕ ಪುಸ್ತಕ ಬರೆಯುವವನು. ಕಾನೂನಿನ ಪಂಡಿತನಲ್ಲ. ಆದರೆ ಆವಕ-ಜಾವಕ ಬರೆಯುವವನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಯಾವ ಕಾಗದವೂ ಗಾಳಿಯಲ್ಲಿ ತೇಲುತ್ತಿರುವುದಿಲ್ಲ. ಯಾವ ಹೊತ್ತಿನಲ್ಲೂ ಅದು ಯಾರದಾದರೊಬ್ಬರ ಕೈಯಲ್ಲಿ ಇದ್ದೇ ಇರುತ್ತದೆ. ಪಾಸ್‌ಪೋರ್ಟಿನ ವಿಷಯದಲ್ಲಿ ಈ ಮಾತನ್ನು ನಾನು ತಡವಾಗಿ ನೆನೆದುಕೊಂಡೆ. ಅದನ್ನೇ ಮೊದಲು ಹೇಳುತ್ತೇನೆ.

ನನ್ನದೇ ಕಥೆ

ಕೆಲವು ವರ್ಷಗಳ ಹಿಂದೆ ಕೊಲ್ಲಿ ದೇಶವೊಂದರಲ್ಲಿ ಸ್ಟೋರಿನ ಗುಮಾಸ್ತನ ಕೆಲಸವಿದೆಯೆಂದು ಕೇಳಿ, ನಾನು ಏಜಂಟರೊಬ್ಬರಿಗೆ ಪಾಸ್‌ಪೋರ್ಟು ಕೊಟ್ಟೆ. ರಶೀದಿ ಕೇಳಲಿಲ್ಲ. ನಕಲು ಮಾಡಿಸಲಿಲ್ಲ. ಒಂದು ತಿಂಗಳಲ್ಲಿ ವೀಸಾ ಎಂದವರು ಹನ್ನೊಂದು ವಾರ ಕಳೆದರೂ "ಕಾನ್ಸುಲೇಟಿನಲ್ಲಿದೆ" ಎನ್ನುತ್ತಿದ್ದರು. ಆ ಸಮಯಕ್ಕೆ ಬಹರೈನಿನ ಕ್ಯಾಂಟೀನೊಂದರಲ್ಲಿ ಅಡುಗೆ ಮಾಡುತ್ತಿದ್ದ ನಮ್ಮಣ್ಣನಿಗೆ ಪಾರ್ಶ್ವವಾಯು ಬಡಿದು ಆಸ್ಪತ್ರೆಗೆ ಸೇರಿಸಿದರೆಂದು ಫೋನು ಬಂತು. ಅಲ್ಲಿಯ ಮ್ಯಾನೇಜರು ಒಳ್ಳೆಯವರು. "ಪಾಸ್‌ಪೋರ್ಟಿನ ಮೊದಲ ಪುಟದ ನಕಲು ಕಳಿಸಿ, ಬಂದು ಹೋಗುವ ವೀಸಾ ನಾವೇ ತೆಗೆಸುತ್ತೇವೆ" ಎಂದರು. ನನ್ನ ಬಳಿ ಪುಸ್ತಕವೂ ಇರಲಿಲ್ಲ, ನಕಲೂ ಇರಲಿಲ್ಲ.

ಎಂಟು ದಿನ ಏಜಂಟರ ಬಾಗಿಲು ತಟ್ಟಿದೆ. ಒಂದೇ ಉತ್ತರ. ಒಂಬತ್ತನೆಯ ದಿನ ನಮ್ಮ ಸಂಘದ ಹಿರಿಯರೊಬ್ಬರು ನನ್ನ ಜೊತೆ ಬಂದರು. ಅವರು ಕೂಗಾಡಲಿಲ್ಲ. "ಸ್ವಾಮಿ, ಕಾನ್ಸುಲೇಟಿಗೆ ಸಲ್ಲಿಸಿದ ರಶೀದಿ ಇರಬೇಕಲ್ಲ, ಅದನ್ನು ಒಮ್ಮೆ ತೋರಿಸಿ" ಎಂದು ಮಾತ್ರ ಹೇಳಿದರು. ಸ್ವಲ್ಪ ಹೊತ್ತು ಅತ್ತಿತ್ತ ನೋಡಿ ಅಲ್ಲಿಯ ಹುಡುಗ ಮೇಜಿನ ಖಾನೆ ಎಳೆದ. ರಬ್ಬರು ಹಾಕಿ ಕಟ್ಟಿದ ಹದಿನೈದಿಪ್ಪತ್ತು ಪಾಸ್‌ಪೋರ್ಟುಗಳು ಅದರಲ್ಲಿದ್ದವು. ನನ್ನದೂ ಇತ್ತು. ಹನ್ನೊಂದು ವಾರಗಳಿಂದ ಅದು ಆ ಖಾನೆ ಬಿಟ್ಟು ಕದಲಿರಲಿಲ್ಲ.

ಅಷ್ಟರಲ್ಲಿ ಅಣ್ಣನನ್ನು ಸಹೋದ್ಯೋಗಿಯೊಬ್ಬರ ಜೊತೆಯಲ್ಲಿ ವಿಮಾನ ಹತ್ತಿಸಿ ಕಳುಹಿಸುವ ಏರ್ಪಾಡಾಗಿತ್ತು. ಸಹಾರ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯಲ್ಲಿ ಬಂದ ಅಣ್ಣ ತೊದಲುತ್ತ ಹೇಳಿದ ಮಾತು ಇಷ್ಟೇ: "ನೀನು ಬರ್ತಿ ಅಂತ ಆಸ್ಪತ್ರೆಯವರಿಗೆ ಹೇಳಿ ಇಟ್ಟಿದ್ದೆ ಮಾರಾಯ." ಈಗ ಅವನು ಊರಲ್ಲಿದ್ದಾನೆ, ಕೋಲು ಹಿಡಿದು ನಡೆಯುತ್ತಾನೆ. ನನ್ನ ಮೇಲೆ ಅವನಿಗೆ ಸಿಟ್ಟಿಲ್ಲ. ಆದರೂ ಆ ಮಾತು ನನ್ನನ್ನು ಬಿಟ್ಟಿಲ್ಲ.

"ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ" ಎಂಬ ಗಾದೆ ನಮಗೆ ಬಾಯಿಪಾಠ. ಇನ್ನು ಯಾರೂ ಆ ಕೋಡಂಗಿಯಾಗಬಾರದೆಂಬುದೇ ಈ ಪಾಠದ ಉದ್ದೇಶ.

ಪುಸ್ತಕವನ್ನು ಕೊಡುವುದೇಕೆ?

ಪಾಸ್‌ಪೋರ್ಟು ನಮ್ಮ ಸರಕಾರ ಕೊಡುವ ಪುಸ್ತಕ. ವೀಸಾ ಎಂದರೆ ನಾವು ಹೋಗುವ ದೇಶದವರು ಕೊಡುವ ಒಪ್ಪಿಗೆ. ಬಹುಕಾಲ ಈ ಒಪ್ಪಿಗೆಯನ್ನು ಪುಸ್ತಕದ ಹಾಳೆಯ ಮೇಲೆಯೇ ಮುದ್ರೆಯೊತ್ತಿ, ಇಲ್ಲವೆ ಚೀಟಿ ಅಂಟಿಸಿ ಕೊಡುತ್ತಿದ್ದರು. ಹಲವು ದೇಶಗಳು ಇಂದೂ ಹಾಗೆಯೇ ಮಾಡುತ್ತವೆ. ಹಾಳೆಗೆ ಅಂಟಿಸಬೇಕಾದರೆ ಪುಸ್ತಕ ಅವರ ಕೈ ಸೇರಲೇಬೇಕು. ಕೆಲವು ದೇಶಗಳು ಈ ಪದ್ಧತಿಯನ್ನು ಬಿಡುತ್ತಿವೆ. ಸೌದಿ ಅರೇಬಿಯವು ೨೦೨೩ರ ಮೇ ತಿಂಗಳಿಂದ ಭಾರತವೂ ಸೇರಿ ಏಳು ದೇಶಗಳವರಿಗೆ ಅಂಟಿಸುವ ಚೀಟಿಯನ್ನು ಕೈಬಿಟ್ಟು, ಸಂಕೇತ ಮುದ್ರಿತವಾದ ಕಾಗದದ ವೀಸಾ ಕೊಡಲು ತೊಡಗಿತು. ಕೆನಡಾದವರು ಮೊದಲು ನಕಲುಗಳ ಮೇಲೆಯೇ ಅರ್ಜಿ ವಿಚಾರಿಸಿ, ಒಪ್ಪಿಗೆಯಾದ ಮೇಲೆ ಪುಸ್ತಕವನ್ನು ಕೇಳುವ ಕ್ರಮ ಇಟ್ಟುಕೊಂಡಿದ್ದಾರೆ. ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ದೇಶದ ವೀಸಾಕ್ಕೆ ಪುಸ್ತಕವನ್ನೇ ಕೊಡಬೇಕೆ? ಕೊಡಬೇಕಾದರೆ ಅರ್ಜಿಯ ದಿನವೇ ಕೊಡಬೇಕೆ, ಒಪ್ಪಿಗೆಯಾದ ಮೇಲೆ ಕೊಟ್ಟರೆ ಸಾಕೆ?

ಮೂರು ಕೈಗಳು

ಮುಂಬಯಿಯಲ್ಲಿ ವೀಸಾಕ್ಕೆ ಹೋದ ಪುಸ್ತಕ ಸಾಮಾನ್ಯವಾಗಿ ಮೂರು ಕೈಗಳನ್ನು ಹಾಯುತ್ತದೆ.

ಮೊದಲನೆಯದು ಏಜಂಟರ ಅಥವಾ ಕೆಲಸ ಕೊಡುವ ಕಂಪನಿಯ ಕೈ. ೧೯೭೩ರಲ್ಲಿ ತೈಲದ ಬೆಲೆ ಏರಿ ಕೊಲ್ಲಿ ದೇಶಗಳಲ್ಲಿ ಕೆಲಸ ಹೆಚ್ಚಿದಂದಿನಿಂದ ನಮ್ಮ ಕರಾವಳಿಯ ಜನ ಅಲ್ಲಿಗೆ ಹೋಗಲು ಮುಂಬಯಿಯ ಏಜಂಟರನ್ನು ಹಿಡಿಯುವುದು ವಾಡಿಕೆಯಾಯಿತು. ೨೦೦೬ರಲ್ಲಿ ಮಂಗಳೂರಿನಿಂದ ದುಬಾಯಿಗೆ ನೇರ ವಿಮಾನ ಹೊರಡುವವರೆಗೂ ಬಹುಮಂದಿಗೆ ಮುಂಬಯಿಯೇ ಹೆಬ್ಬಾಗಿಲು. ಇಂದಿಗೂ ಅನೇಕರ ಪಾಸ್‌ಪೋರ್ಟು ಮೊದಲು ಸೇರುವುದು ಏಜಂಟರ ಖಾನೆಗೇ.

ಎರಡನೆಯದು ಅರ್ಜಿ ಸ್ವೀಕರಿಸುವ ಕೇಂದ್ರದ ಕೈ. ೨೦೦೧ರಲ್ಲಿ ಮುಂಬಯಿಯಲ್ಲಿಯೇ ಅಮೆರಿಕದ ಕಾನ್ಸುಲೇಟಿನ ಕೆಲಸದಿಂದ ವಿ.ಎಫ್.ಎಸ್. ಎಂಬ ಸಂಸ್ಥೆ ಆರಂಭವಾಯಿತು. ಈಗ ಜಗತ್ತಿನ ಅನೇಕ ಸರಕಾರಗಳು ಇಂಥ ಸಂಸ್ಥೆಗಳಿಗೆ ಈ ಕೆಲಸ ವಹಿಸಿವೆ. ಇವರು ಅರ್ಜಿ, ಫೀಜು, ಬೆರಳಚ್ಚು, ಪುಸ್ತಕ ಪಡೆದು ಕಾನ್ಸುಲೇಟಿಗೆ ಮುಟ್ಟಿಸಿ, ತಿರುಗಿ ಬಂದದ್ದನ್ನು ನಮಗೆ ಕೊಡುತ್ತಾರೆ. ವೀಸಾ ಕೊಡುವ ಅಥವಾ ನಿರಾಕರಿಸುವ ಅಧಿಕಾರ ಇವರಿಗಿಲ್ಲ. ಕಿಟಕಿಯಲ್ಲಿ ಕೂತವರ ಮೇಲೆ ರೇಗಿದರೆ ಪ್ರಯೋಜನವಿಲ್ಲ. ಪುಸ್ತಕ ಯಾವ ತಾರೀಖಿಗೆ ಇಲ್ಲಿಂದ ಹೊರಟಿತೆಂಬುದನ್ನು ಮಾತ್ರ ಅವರು ಹೇಳಬಲ್ಲರು.

ಮೂರನೆಯದು ಕಾನ್ಸುಲೇಟಿನ ಅಥವಾ ರಾಯಭಾರ ಕಚೇರಿಯ ಕೈ. ತೀರ್ಮಾನ ಆಗುವುದು ಇಲ್ಲಿ. ಮುಂಬಯಿಯಲ್ಲಿ ಅರ್ಜಿ ಪಡೆದರೂ ವಿಚಾರಣೆಯನ್ನು ಹೊಸ ದೆಹಲಿಯಲ್ಲಿ ಮಾಡುವ ದೇಶಗಳಿವೆ. ಅಂಥಲ್ಲಿ ಪುಸ್ತಕ ಹೋಗಿ ಬರುವ ದಿನಗಳೂ ಸೇರುತ್ತವೆ.

"ತಡವಾಗಿದೆ" ಎಂದು ಒಂದೇ ಮಾತಿನಲ್ಲಿ ಹೇಳಿದರೆ ಔಷಧ ಸಿಕ್ಕದು. ಯಾವ ಕೈಯಲ್ಲಿ ತಡವಾಗಿದೆಯೆಂದು ಗೊತ್ತಾದರೆ ಯಾರಿಗೆ ಬರೆಯಬೇಕೆಂಬುದೂ ಗೊತ್ತಾಗುತ್ತದೆ.

ತಡವಾಗುವುದೇಕೆ?

ಮೊದಲು ದಿನಗಳ ಲೆಕ್ಕ ತಿಳಿಯಬೇಕು. ಐರೋಪ್ಯ ದೇಶಗಳ ಷೆಂಗೆನ್ ಒಕ್ಕೂಟಕ್ಕೆ ೨೦೦೯ರ ವೀಸಾ ನಿಯಮಾವಳಿಯಿದೆ. ಕ್ರಮಬದ್ಧವಾದ ಅರ್ಜಿ ಸಲ್ಲಿಸಿದಂದಿನಿಂದ ೧೫ ದಿನಗಳಲ್ಲಿ ತೀರ್ಮಾನ ಆಗಬೇಕು. ಹೆಚ್ಚಿನ ವಿಚಾರಣೆ ಬೇಕಾದ ಪ್ರಕರಣಗಳಲ್ಲಿ ಇದು ೪೫ ದಿನಗಳವರೆಗೆ ಬೆಳೆಯಬಹುದು. ಬ್ರಿಟನ್ನಿಗೆ ಭೇಟಿಯ ವೀಸಾಕ್ಕೆ ವಾಡಿಕೆಯ ಅವಧಿ ಸುಮಾರು ೩ ವಾರ. ಅದು ೧೫ ಕೆಲಸದ ದಿನಗಳ ಲೆಕ್ಕ. ನಡುವಿನ ಶನಿವಾರ, ಭಾನುವಾರ, ಹಬ್ಬದ ರಜೆಗಳು ಇದರಲ್ಲಿ ಸೇರಿಲ್ಲ. ನಾವು ಪಂಚಾಂಗ ನೋಡಿ ಎಣಿಸುತ್ತೇವೆ, ಕಚೇರಿಯವರು ಹಾಜರಿ ಪುಸ್ತಕ ನೋಡಿ ಎಣಿಸುತ್ತಾರೆ. ಅರ್ಧ ಗಾಬರಿ ಇಲ್ಲಿಯೇ ಹುಟ್ಟುತ್ತದೆ.

ಎರಡನೆಯ ಕಾರಣ ಕಾಗದದ ಕೊರತೆ. ಬ್ಯಾಂಕಿನ ಲೆಕ್ಕದಲ್ಲಿ ಒಂದು ಪುಟ ಇಲ್ಲ, ಹೆಸರಿನ ಅಕ್ಷರ ಒಂದು ಕಡೆ ಹೀಗೆ ಇನ್ನೊಂದು ಕಡೆ ಹಾಗೆ. ನಮ್ಮಲ್ಲಿ ಮನೆತನದ ಹೆಸರು, ತಂದೆಯ ಹೆಸರು, ಊರಿನ ಹೆಸರು ಬೆರೆತುಹೋಗಿ ಈ ತೊಡಕು ಹೆಚ್ಚು.

ಮೂರನೆಯದು ಭದ್ರತಾ ತಪಾಸಣೆ. ಅಮೆರಿಕದವರು ತಮ್ಮ ವಲಸೆ ಕಾಯಿದೆಯ ೨೨೧(ಜಿ) ಕಲಮಿನ ಚೀಟಿ ಕೊಟ್ಟರೆ, ಅರ್ಜಿಯನ್ನು ಈಗಿರುವ ಸ್ಥಿತಿಯಲ್ಲಿ ಮಂಜೂರು ಮಾಡಲಾಗದು, ಇನ್ನೂ ಕಾಗದ ಅಥವಾ ವಿಚಾರಣೆ ಬೇಕು ಎಂದರ್ಥ. ಕೆಲವರಿಗೆ ಆಗ ಪುಸ್ತಕವನ್ನು ಹಿಂದಕ್ಕೆ ಕೊಡುತ್ತಾರೆ, ಕೆಲವರದನ್ನು ಇಟ್ಟುಕೊಳ್ಳುತ್ತಾರೆ. ಚೀಟಿಯಲ್ಲಿ ಬರೆದುದನ್ನು ಅಕ್ಷರ ಬಿಡದೆ ಓದಿಸಿಕೊಳ್ಳಬೇಕು.

ನಾಲ್ಕನೆಯದು ನಮ್ಮ ಕೈಮೀರಿದ ದೊಡ್ಡ ಘಟನೆಗಳು. ೨೦೨೦ರ ಮಾರ್ಚಿನಲ್ಲಿ ಕೊರೋನಾದಿಂದ ಕೇಂದ್ರಗಳು ಮುಚ್ಚಿದಾಗ ಒಳಗಿದ್ದ ಪುಸ್ತಕಗಳು ಒಳಗೇ ಉಳಿದವು. ೨೦೨೨ರಲ್ಲಿ ಉಕ್ರೇನಿನ ಯುದ್ಧದಿಂದ ಓಡಿಬಂದವರ ಅರ್ಜಿಗಳನ್ನು ಬ್ರಿಟನ್ ಮೊದಲು ನೋಡತೊಡಗಿದ್ದರಿಂದ ಇಲ್ಲಿಯವರ ಅರ್ಜಿಗಳು ವಾರಗಟ್ಟಲೆ ಹಿಂದೆ ಬಿದ್ದವು. ೨೦೨೩ರ ಅಕ್ಟೋಬರದಲ್ಲಿ ಕೆನಡಾ ತನ್ನ ೪೧ ರಾಯಭಾರಿ ನೌಕರರನ್ನು ಭಾರತದಿಂದ ಹಿಂದಕ್ಕೆ ಕರೆಸಿಕೊಂಡು, ಮುಂಬಯಿ, ಬೆಂಗಳೂರು, ಚಂಡೀಗಢ ಕಾನ್ಸುಲೇಟುಗಳಲ್ಲಿ ಜನರನ್ನು ಎದುರುಗೊಳ್ಳುವ ಕೆಲಸ ನಿಲ್ಲಿಸಿತು. ೨೦೨೫ರ ಡಿಸೆಂಬರದಲ್ಲಿ ಎಚ್-೧ಬಿ ಕೆಲಸಗಾರರ ಸಮಾಜ ಮಾಧ್ಯಮದ ಬರಹಗಳನ್ನೂ ನೋಡುವ ನಿಯಮವನ್ನು ಅಮೆರಿಕ ತಂದಾಗ, ಇಲ್ಲಿ ಗೊತ್ತಾಗಿದ್ದ ಅನೇಕರ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು. ರಜೆಗೆ ಬಂದವರು ಕೆಲಸಕ್ಕೆ ಹಿಂದಿರುಗಲಾರದೆ ಉಳಿದರು. ಇಂಥ ಕಾಲದಲ್ಲಿ ತಾಳ್ಮೆ ಬಿಟ್ಟರೆ ಗತಿಯಿಲ್ಲ. ಆದರೆ ತಾಳ್ಮೆ ಬೇಕಾದುದು ಕಾನ್ಸುಲೇಟಿನ ತಡಕ್ಕೆ. ಏಜಂಟರ ಖಾನೆಯ ತಡಕ್ಕೆ ಬೇಕಾಗಿಲ್ಲ.

ಪುಸ್ತಕದ ಒಡೆಯರು ಯಾರು?

೧೯೬೭ರ ತನಕ ಪಾಸ್‌ಪೋರ್ಟು ಕೊಡುವುದು ಬಿಡುವುದು ಸರಕಾರದ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ಆ ವರ್ಷ ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪರದೇಶಕ್ಕೆ ಹೋಗುವ ಹಕ್ಕು ಸಂವಿಧಾನದ ೨೧ನೆಯ ವಿಧಿಯು ಹೇಳುವ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಸೇರಿದೆಯೆಂದು ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳಲ್ಲಿ ಮೂವರ ಮತ ಹೀಗಿತ್ತು. ಅದೇ ವರ್ಷ ಪಾಸ್‌ಪೋರ್ಟು ಕಾಯಿದೆ ಬಂತು. ಅದರ ೧೭ನೆಯ ಕಲಮಿನಂತೆ ಪಾಸ್‌ಪೋರ್ಟು ಯಾವಾಗಲೂ ಕೇಂದ್ರ ಸರಕಾರದ ಸ್ವತ್ತು. ಪುಸ್ತಕದ ಒಳಗೂ ಇದನ್ನು ಅಚ್ಚು ಹಾಕಿದ್ದಾರೆ, ತೆಗೆದು ನೋಡಿ.

೨೦೦೮ರಲ್ಲಿ ಸುರೇಶ್ ನಂದಾ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮಾತನ್ನು ಸ್ಪಷ್ಟಪಡಿಸಿತು. ಪೊಲೀಸರು ತನಿಖೆಯಲ್ಲಿ ಪಾಸ್‌ಪೋರ್ಟನ್ನು ವಶಕ್ಕೆ ತೆಗೆದುಕೊಳ್ಳಬಹುದಾದರೂ ಅದನ್ನು ತಡೆಹಿಡಿದು ಇಟ್ಟುಕೊಳ್ಳುವ ಅಧಿಕಾರ ಪಾಸ್‌ಪೋರ್ಟು ಅಧಿಕಾರಿಗೆ ಮಾತ್ರ ಇದೆ. ಪೊಲೀಸರಿಗೇ ಇಲ್ಲದ ಅಧಿಕಾರ ಏಜಂಟರಿಗೆ ಎಲ್ಲಿಂದ ಬಂತು? "ಬಾಕಿ ಹಣ ಕೊಡು, ಪುಸ್ತಕ ತೆಗೆದುಕೊಂಡು ಹೋಗು" ಎಂದು ಅಡವಿಟ್ಟ ಒಡವೆಯಂತೆ ಹಿಡಿದಿಡಲು ಯಾವ ಏಜಂಟರಿಗೂ, ಯಾವ ಧಣಿಗೂ ಹಕ್ಕಿಲ್ಲ.

ಕೊಡುವ ಮೊದಲು ಮಾಡತಕ್ಕದ್ದು

೧. ಮೊದಲ ಪುಟ, ಕೊನೆಯ ಪುಟ, ವೀಸಾ ಇರುವ ಪುಟಗಳು, ಇವುಗಳ ಎರಡು ನಕಲು ಮಾಡಿಸಿ. ಒಂದು ನಿಮ್ಮ ಪೆಟ್ಟಿಗೆಯಲ್ಲಿ, ಒಂದು ಊರಿನ ಮನೆಯಲ್ಲಿ ಇರಲಿ.

೨. ಏಜಂಟರು ೧೯೮೩ರ ವಲಸೆ ಕಾಯಿದೆಯಂತೆ ನೋಂದಾಯಿತರೇ ಎಂದು ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಿ. ಗೊತ್ತಿಲ್ಲದಿದ್ದರೆ ನಮ್ಮಲ್ಲಿಗೆ ಬನ್ನಿ, ಒಟ್ಟಿಗೆ ನೋಡೋಣ. ಹಡಗಿನ ಕೆಲಸಕ್ಕೆ ಹೋಗುವವರಾದರೆ ಕಂಪನಿಗೆ ನೌಕಾಯಾನ ಮಹಾನಿರ್ದೇಶಕರ ಪರವಾನಗಿ ಇರಬೇಕು.

೩. ರಶೀದಿಯಿಲ್ಲದೆ ಪುಸ್ತಕ ಕೊಡಬೇಡಿ. ರಶೀದಿಯಲ್ಲಿ ಪಾಸ್‌ಪೋರ್ಟಿನ ನಂಬರು, ಕೊಟ್ಟ ತಾರೀಖು, ಯಾವ ದೇಶದ ವೀಸಾಕ್ಕೆ, ಪಡೆದವರ ಹೆಸರು ಮತ್ತು ರುಜು ಇರಬೇಕು. ರಶೀದಿ ಕೊಡಲು ಹಿಂಜರಿಯುವವನಿಗೆ ಪುಸ್ತಕ ಕೊಡಲು ನಾವೂ ಹಿಂಜರಿಯಬೇಕು.

೪. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇ.ಸಿ.ಆರ್. ವರ್ಗದ್ದು. ಅಂಥವರು ಕೊಲ್ಲಿ ದೇಶಗಳೂ ಸೇರಿ ೧೮ ದೇಶಗಳಿಗೆ ಕೆಲಸಕ್ಕೆ ಹೋಗುವುದಾದರೆ ವೀಸಾ ಬಂದ ಮೇಲೆ ವಲಸೆ ರಕ್ಷಣಾಧಿಕಾರಿಗಳ ಒಪ್ಪಿಗೆಯೂ ಬೇಕು. ಆ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಹತ್ತನೆಯದು ಪಾಸಾಗಿದ್ದೂ ಪ್ರಮಾಣಪತ್ರ ತೋರಿಸದೆ ಇ.ಸಿ.ಆರ್. ಪುಸ್ತಕ ಪಡೆದವರು ನಮ್ಮಲ್ಲಿದ್ದಾರೆ, ಅದನ್ನು ಬದಲಾಯಿಸಿಕೊಳ್ಳಬಹುದು.

೫. ಬೇಗ ಅರ್ಜಿ ಹಾಕಿ. ಷೆಂಗೆನ್ ವೀಸಾಕ್ಕೆ ಹೊರಡುವ ದಿನಕ್ಕಿಂತ ೬ ತಿಂಗಳು ಮೊದಲೇ ಅರ್ಜಿ ಹಾಕಬಹುದು. ಹಡಗಿನ ನೌಕರರಿಗೆ ೯ ತಿಂಗಳ ಅವಕಾಶವಿದೆ. ಏಪ್ರಿಲ್ ಮೇ ತಿಂಗಳ ನೂಕುನುಗ್ಗಲಿನಲ್ಲಿ ಹೋಗಿ ಸಿಕ್ಕಿಕೊಳ್ಳಬೇಡಿ.

ತಡವಾದಾಗ ಮಾಡತಕ್ಕದ್ದು

೧. ಮೊದಲು ಏಜಂಟರಲ್ಲಿ, ಸಲ್ಲಿಸಿದ ರಶೀದಿ ಮತ್ತು ಅರ್ಜಿಯ ನಂಬರು ಕೇಳಿ. ನಂಬರಿದ್ದರೆ ಪುಸ್ತಕ ಎಲ್ಲಿದೆಯೆಂಬುದನ್ನು ಕೇಂದ್ರದ ತಾಣದಲ್ಲಿ ನೀವೇ ನೋಡಬಹುದು. ನಂಬರೇ ಇಲ್ಲವೆಂದರೆ ಪುಸ್ತಕ ಹೋಗಿಯೇ ಇಲ್ಲವೆಂದು ಶಂಕಿಸಲು ಕಾರಣವಿದೆ.

೨. ಹೇಳಿದ ಅವಧಿ ಮುಗಿದ ಮೇಲೆ ಬರೆದು ಕೇಳಿ. ಕಾಗದ ಚಿಕ್ಕದಾಗಿರಲಿ: ಹೆಸರು, ಪಾಸ್‌ಪೋರ್ಟಿನ ನಂಬರು, ಅರ್ಜಿಯ ನಂಬರು, ಸಲ್ಲಿಸಿದ ತಾರೀಖು, ಹೊರಡಬೇಕಾದ ತಾರೀಖು, ಕೊನೆಗೆ ಒಂದೇ ಒಂದು ಬೇಡಿಕೆ. ದಿನಕ್ಕೆ ಮೂರು ಸಲ ಬರೆದರೆ ಮೂರಕ್ಕೂ ಉತ್ತರ ಬಾರದು.

೩. ಮನೆಯಲ್ಲಿ ಕಾಯಿಲೆ, ಸಾವು ಮೊದಲಾದ ಆಪತ್ತಿದ್ದರೆ ಆಸ್ಪತ್ರೆಯ ಕಾಗದ ಜೊತೆಗಿಟ್ಟು ಕಾನ್ಸುಲೇಟಿಗೆ ತಿಳಿಸಿ. ಪುಸ್ತಕವೇ ಬೇಕಾದರೆ ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತೇನೆಂದು ಬರೆದುಕೊಡಬಹುದು. ಕಟ್ಟಿದ ಫೀಜು ಸಾಮಾನ್ಯವಾಗಿ ತಿರುಗಿ ಬರುವುದಿಲ್ಲ. ಅಣ್ಣ ಆಸ್ಪತ್ರೆಯಲ್ಲಿರುವಾಗ ಆ ಲೆಕ್ಕ ಯಾರು ನೋಡುತ್ತಾರೆ?

೪. ಏಜಂಟರು ಪುಸ್ತಕ ಕೊಡಲು ಒಪ್ಪದಿದ್ದರೆ ಆ ಭಾಗದ ಪೊಲೀಸು ಠಾಣೆಗೂ ವಲಸೆ ರಕ್ಷಣಾಧಿಕಾರಿಗಳಿಗೂ ಲಿಖಿತ ದೂರು ಕೊಡಿ. ರಕ್ಷಣಾಧಿಕಾರಿಗಳ ಕಚೇರಿ ಮತ್ತು ಪಾಸ್‌ಪೋರ್ಟು ಕಚೇರಿಯನ್ನು ಒಂದೇ ಸೂರಿನಡಿ ತರುವುದಕ್ಕಾಗಿ ೨೦೧೭ರಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ವಿದೇಶ ಭವನ ತೆರೆದರು.

ಒಂದು ತಪ್ಪು ದಾರಿ

ಹೋದ ಮಳೆಗಾಲದಲ್ಲಿ ತರುಣನೊಬ್ಬ ಬಂದು, "ಅಣ್ಣಾ, ಪಾಸ್‌ಪೋರ್ಟು ಕಳೆದುಹೋಯಿತೆಂದು ದೂರು ಕೊಟ್ಟು ಹೊಸದು ತೆಗೆದರೆ ಹೇಗೆ?" ಎಂದು ಕೇಳಿದ. ಯಾರೋ ಅವನಿಗೆ ಹಾಗೆ ಉಪದೇಶ ಮಾಡಿದ್ದರು. ಬಂಧುಗಳೇ, ಈ ದಾರಿ ಹಿಡಿಯಬೇಡಿ. ಕಳೆದಿದೆಯೆಂದು ಬರೆದುಕೊಟ್ಟರೆ ಹಳೆಯ ಪುಸ್ತಕ ರದ್ದಾಗುತ್ತದೆ. ಆಮೇಲೆ ಕಾನ್ಸುಲೇಟಿನಿಂದ ವೀಸಾ ಬಂದರೂ ಅದು ರದ್ದಾದ ಪುಸ್ತಕದಲ್ಲಿರುತ್ತದೆ. ಅಲ್ಲದೆ ಪಾಸ್‌ಪೋರ್ಟು ಪಡೆಯಲು ತಿಳಿದೂ ಸುಳ್ಳು ಹೇಳುವುದು ೧೨ನೆಯ ಕಲಮಿನ ಕೆಳಗೆ ಅಪರಾಧ. ೨ ವರ್ಷದವರೆಗೆ ಸಜೆ, ೫,೦೦೦ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಆ ತರುಣನ ಪುಸ್ತಕ ದೆಹಲಿಯಲ್ಲಿತ್ತು. ನಂಬರು ಹಾಕಿ ಒಂದು ಕಾಗದ ಬರೆದೆವು. ಮೂರು ವಾರದ ಮೇಲೆ ಅದು ಅವನ ಕೈಸೇರಿತು. ವೀಸಾ ಸಿಕ್ಕಿರಲಿಲ್ಲ. ಆದರೂ ಪುಸ್ತಕ ಸಿಕ್ಕಿತಲ್ಲ ಎಂದು ಅವನು ಚಹಾ ತರಿಸಿದ.

ಕೊನೆಯ ಮಾತು

ವೀಸಾ ಕೊಡುವುದು ಬಿಡುವುದು ಆಯಾ ದೇಶದವರ ಇಷ್ಟ. ಅದಕ್ಕೆ ನಾವು ಕಾಯಬಹುದು, ಕೇಳಬಹುದು, ಅಷ್ಟೇ. ಆದರೆ ನಮ್ಮ ಪುಸ್ತಕ ಎಲ್ಲಿದೆಯೆಂದು ತಿಳಿದಿರುವುದು ನಮ್ಮ ಕೆಲಸ. ಅಂಗಡಿಯಲ್ಲಿ ಐವತ್ತು ರೂಪಾಯಿಯ ಸಾಮಾನಿಗೂ ಚೀಟಿ ಕೇಳುವ ನಾವು ಪಾಸ್‌ಪೋರ್ಟನ್ನು ಮಾತಿನ ಮೇಲೆ ಕೊಟ್ಟು ಬರುತ್ತೇವೆ.

ಇನ್ನು ಮುಂದೆ ವಾಚನಾಲಯದ ಮೇಜಿನ ಮೇಲೆ ಒಂದು ಆವಕ-ಜಾವಕ ಪುಸ್ತಕ ಇರುತ್ತದೆ. ವೀಸಾಕ್ಕೆ ಪಾಸ್‌ಪೋರ್ಟು ಕೊಟ್ಟವರು ತಮ್ಮ ಹೆಸರು, ಕೊಟ್ಟ ತಾರೀಖು, ಯಾರ ಕೈಗೆ ಕೊಟ್ಟದ್ದು, ಇಷ್ಟನ್ನು ಅದರಲ್ಲಿ ಬರೆಯಿಸಬಹುದು. ಅವಧಿ ಮುಗಿದರೆ ಕಾಗದ ಬರೆಯಲು ನಾವು ಜ್ಞಾಪಿಸುತ್ತೇವೆ. ಇಂಗ್ಲಿಷಿನಲ್ಲಿ ಬರೆಯಬೇಕಾದುದನ್ನು ಬರೆದುಕೊಡುತ್ತೇವೆ. ಇದಕ್ಕೆ ಹಣವಿಲ್ಲ. ಪಾಸ್‌ಪೋರ್ಟನ್ನು ಮಾತ್ರ ನಮ್ಮಲ್ಲಿ ಇಟ್ಟು ಹೋಗಬೇಡಿ. ಅದನ್ನು ಹಿಡಿದಿಡುವ ಹಕ್ಕು ನಮಗೂ ಇಲ್ಲ.